ಗುಂಡಿಯಲ್ಲಿ ಸಿಕ್ಕಿದ ಕಲ್ಲು ಹಳೆಯ ಆಯುಧವೇ?

ಮುಂಗಾರಿಗೆ ಮೊದಲು ತೆಂಗಿನ ಗುಂಡಿ ತೋಡುವ ದಿನಗಳಲ್ಲಿ ನಮ್ಮಲ್ಲಿಗೆ ಬರುವ ಪ್ರಶ್ನೆಗಳು ಗುಂಡಿಯ ಅಳತೆ, ಗೊಬ್ಬರದ ಪ್ರಮಾಣ, ಗೆದ್ದಲಿನ ಹಾವಳಿ ಇಂಥವೇ ಆಗಿರುತ್ತವೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳಿನಲ್ಲಿ ಮಂಗಳೂರಿನ ಕೂಳೂರಿನಿಂದ ಬಂದ ಹಿರಿಯ ಬೇಸಾಯಗಾರರೊಬ್ಬರ ಪ್ರಶ್ನೆ ಮಾತ್ರ ಬೇರೆಯಾಗಿತ್ತು. ಗೋಣಿತಾಟಿನಲ್ಲಿ ಸುತ್ತಿ ತಂದಿದ್ದ ಭಾರವಾದ ಕಲ್ಲೊಂದನ್ನು ಮೇಜಿನ ಮೇಲಿಟ್ಟು, “ಇದು ಏನೆಂದು ನೋಡಿ ಹೇಳಬೇಕು ಸಾರ್. ಇದು ಸಿಕ್ಕಿದಂದಿನಿಂದ ಗುಂಡಿಯ ಕೆಲಸ ನಿಂತುಹೋಗಿದೆ” ಎಂದರು.

ಗುರುಪುರ ಹೊಳೆ ಎಂದೂ ಕರೆಯುವ ಫಲ್ಗುಣಿ ನದಿಯ ಬದಿಯಲ್ಲಿ ಅವರ ಜಮೀನು. ಕೆಳಗೆ ಗದ್ದೆ, ಮೇಲೆ ಮುರಕಲ್ಲಿನ ಇಳಿಜಾರು. ಆ ಇಳಿಜಾರಿನಲ್ಲಿ ಇಪ್ಪತ್ತನಾಲ್ಕು ಸಸಿ ಹಾಕಲು ಮೂರು ಅಡಿ ಆಳದ ಗುಂಡಿಗಳನ್ನು ತೋಡಿಸುತ್ತಿದ್ದಾಗ, ಒಂಬತ್ತನೆಯ ಗುಂಡಿಯಲ್ಲಿ ಎರಡು ಅಡಿ ಕೆಳಗೆ ಈ ಕಲ್ಲು ಸಿಕ್ಕಿತು. ಬಣ್ಣ ಕಪ್ಪು. ಉದ್ದ 28 ಸೆಂ.ಮೀ., ತೂಕ ಆರು ಕಿಲೊಗಿಂತ ತುಸು ಹೆಚ್ಚು. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. ಒಂದು ಮೈ ಉಬ್ಬಿ ನುಣುಪಾಗಿದೆ, ಇನ್ನೊಂದು ಮೈ ಒರಟು, ಅದಕ್ಕೆ ಗಟ್ಟಿ ಮಣ್ಣು ಅಂಟಿದೆ.

ಊರಿನಲ್ಲಿ ಮೂರು ಅಭಿಪ್ರಾಯಗಳು ಹುಟ್ಟಿದ್ದವು. ನೆರೆಯ ಹಿರಿಯರು ಇದು ದೈವದ ಕಲ್ಲಿರಬಹುದು, ಪ್ರಶ್ನೆ ಇಡಿಸದೆ ಮುಂದುವರಿಯಬೇಡಿ ಎಂದಿದ್ದರು. ಪಾಠಪುಸ್ತಕದ ಚಿತ್ರ ನೋಡಿದ್ದ ಮೊಮ್ಮಗ ಶಿಲಾಯುಗದ ಕೊಡಲಿ ಎಂದಿದ್ದ. ಮೂರನೆಯವರು ಪೇಟೆಯ ಒಬ್ಬ ಪರಿಚಿತರು. ಇದು ಸಿಡಿಲಿನ ಕಲ್ಲು, ಮುಂಬಯಿಯಲ್ಲಿ ಲಕ್ಷಗಟ್ಟಲೆ ಬೆಲೆ, ಯಾರಿಗೂ ಹೇಳದೆ ನನ್ನ ಕೈಗೆ ಕೊಡಿ ಎಂದು ಎರಡು ಸಲ ಮನೆಗೆ ಬಂದು ಹೋಗಿದ್ದರು. ಸಸಿಗಳು ನೆರಳಿನಲ್ಲಿ ಕುಳಿತಿದ್ದವು. ಮಳೆ ಮೂರು ವಾರದ ದೂರದಲ್ಲಿತ್ತು.

ನಾನು ಪುರಾತತ್ತ್ವಜ್ಞನಲ್ಲ. ಮಣ್ಣು ಮತ್ತು ಬೆಳೆ ನನ್ನ ವಿಷಯ. ಆದರೂ ಇದನ್ನು ಬರೆಯಲು ಕಾರಣವಿದೆ. ನೆಲವನ್ನು ಅಗೆಯುವವರು, ಉಳುವವರು, ಬಾವಿ ತೋಡುವವರು ರೈತರೇ. ಹಳೆಯ ಆಯುಧ ಮೊದಲು ಕಾಣಿಸುವುದು ಅವರ ಕಣ್ಣಿಗೆ. ಆ ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡುತ್ತೇವೆ ಎಂಬುದರ ಮೇಲೆ, ಆಮೇಲೆ ಯಾವ ವಿದ್ವಾಂಸರು ಬಂದರೂ ಹೇಳಬಹುದಾದದ್ದು ನಿಂತಿರುತ್ತದೆ.

ನೆಲ ಅಗೆದಲ್ಲೇ ಸಿಕ್ಕಿದವು

ಇಂಗ್ಲೆಂಡಿನ ಸಫೋಕ್ ಪ್ರಾಂತದ ಹಾಕ್ಸ್‌ನ್ ಎಂಬಲ್ಲಿ ಇಟ್ಟಿಗೆಗಾಗಿ ಜೇಡಿಮಣ್ಣು ತೆಗೆಯುತ್ತಿದ್ದ ಹೊಂಡದಲ್ಲಿ ಚೂಪಾಗಿ ಕೆತ್ತಿದ ಕಲ್ಲುಗಳು ಸಿಗುತ್ತಿದ್ದವು. ಕೂಲಿಯಾಳುಗಳಿಗೆ ಅವು ಬರಿಯ ಕಲ್ಲು. ಜಾನ್ ಫ್ರಿಯರ್ ಎಂಬವರು 1797ರಲ್ಲಿ ಅವುಗಳ ಬಗ್ಗೆ ಲಂಡನ್ನಿನ ಸಂಘವೊಂದಕ್ಕೆ ಪತ್ರ ಬರೆದರು. ಕಲ್ಲುಗಳು ಸುಮಾರು ಹನ್ನೆರಡು ಅಡಿ ಆಳದಲ್ಲಿದ್ದವು, ಅವುಗಳ ಮೇಲೆ ಯಾವ ಯಾವ ಮಣ್ಣಿನ ಪದರಗಳಿದ್ದವು ಎಂಬುದನ್ನು ಕ್ರಮವಾಗಿ ತಿಳಿಸಿದರು. ಅವರ ಮಾತನ್ನು ಆಗ ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅರವತ್ತು ವರ್ಷಗಳ ಅನಂತರ ಆ ಪತ್ರಕ್ಕೆ ಬೆಲೆ ಬಂದದ್ದು ಕಲ್ಲಿನ ಅಂದದಿಂದಲ್ಲ, ಆ ಹನ್ನೆರಡು ಅಡಿಯ ಲೆಕ್ಕದಿಂದ.

ನಮ್ಮ ದೇಶದಲ್ಲಿ ಹಳೆ ಶಿಲಾಯುಗದ ಆಯುಧವನ್ನು ಮೊದಲು ಗುರುತಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ, ಜಲ್ಲಿ ತೆಗೆದಿದ್ದ ಒಂದು ಸಣ್ಣ ಹೊಂಡದಲ್ಲಿ ಅದು ಅವರ ಕಣ್ಣಿಗೆ ಬಿತ್ತು. ಆ ಹೊಂಡದ ಕೆಂಪು ಜಲ್ಲಿಮಣ್ಣು ನಮ್ಮ ಕರಾವಳಿಯ ಮುರಮಣ್ಣಿನ ಬಳಗದ್ದೇ. ಫೂಟರು ಮುಂದೆ ಬಳ್ಳಾರಿ, ರಾಯಚೂರು ಕಡೆಯ ಹೊಲಗಳಲ್ಲಿ ಬಹಳ ಓಡಾಡಿ ನೂರಾರು ಆಯುಧಗಳನ್ನು ಕೂಡಿಸಿದರು. ಪ್ರತಿಯೊಂದಕ್ಕೂ ಸಿಕ್ಕಿದ ಊರಿನ ಹೆಸರನ್ನು ಬರೆದಿಟ್ಟರು. ಆ ಸಂಗ್ರಹ ಮದರಾಸಿನ ವಸ್ತು ಸಂಗ್ರಹಾಲಯಕ್ಕೆ ಸೇರಿತು. ಅದರ ಪಟ್ಟಿ ಇಂದಿಗೂ ಉಪಯೋಗಕ್ಕೆ ಬರುತ್ತಿರುವುದು ಊರಿನ ಹೆಸರುಗಳಿರುವುದರಿಂದಲೇ.

ಇನ್ನೂ ಹತ್ತಿರದ ಉದಾಹರಣೆ ಯಾದಗಿರಿ ಜಿಲ್ಲೆಯ ಹುಣಸಗಿ ಬಯಲಿನ ಇಸಾಂಪುರ. ನೀರಾವರಿ ಕಾಲುವೆಯ ಕೆಲಸಕ್ಕೆಂದು ಅಲ್ಲಿ ಮೇಲಿನ ಎರೆಮಣ್ಣನ್ನು ತೆಗೆದಾಗ ಅಡಿಯಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳು, ಅವುಗಳ ನಡುವೆ ಕೆತ್ತಿದ ಆಯುಧಗಳು, ಕೆತ್ತುವಾಗ ಹಾರಿದ ಚಕ್ಕೆಗಳು, ಕೆತ್ತಲು ಬಳಸಿದ ಗುಂಡುಗಳು ಇದ್ದ ಹಾಗೆಯೇ ಕಂಡುವು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಲ್ಲಿ ಉತ್ಖನನ ನಡೆಸಿದರು. ಪ್ರಾಣಿಯ ಹಲ್ಲಿನ ಪರೀಕ್ಷೆಯಿಂದ ಆ ಸ್ಥಳಕ್ಕೆ ಸುಮಾರು 12 ಲಕ್ಷ ವರ್ಷದ ಲೆಕ್ಕ ಸಿಕ್ಕಿದೆ. ಆದಿಮಾನವರ ಕಮ್ಮಟವೊಂದು ಕಾಲುವೆಯ ಮಣ್ಣಿನ ಅಗತ್ಯದಿಂದ ಬೆಳಕಿಗೆ ಬಂತು. ಮಣ್ಣು ತೆಗೆಯುವ ಕೆಲಸ ಇನ್ನೂ ಎರಡು ಮೊಳ ಕೆಳಗೆ ಹೋಗಿದ್ದರೆ ಆ ಆಯುಧಗಳೂ ಏರಿಯೊಳಗೆ ಸೇರಿಹೋಗುತ್ತಿದ್ದವು.

ದೊಡ್ಡ ಕಲ್ಲಾಯುಧಗಳ ಚಹರೆ

ಹೊಲದಲ್ಲಿ ಸಿಗಬಹುದಾದ ದೊಡ್ಡ ಆಯುಧಗಳನ್ನು ಎರಡು ಬಗೆಯಾಗಿ ತಿಳಿದುಕೊಂಡರೆ ಸಾಕು. ಒಂದು, ಚಕ್ಕೆ ಎಬ್ಬಿಸಿ ಮಾಡಿದ್ದು. ಇನ್ನೊಂದು, ಉಜ್ಜಿ ನಯಗೊಳಿಸಿದ್ದು.

ಚಕ್ಕೆ ಎಬ್ಬಿಸಿ ಮಾಡಿದವು ಹಳೆ ಶಿಲಾಯುಗದವು. ಇವುಗಳಲ್ಲಿ ಮುಖ್ಯವಾದದ್ದು ಕೈಗೊಡಲಿ. ಬಾದಾಮಿಯ ಅಥವಾ ಮಾವಿನಕಾಯಿಯ ಆಕಾರ. ಒಂದು ತುದಿ ಚೂಪು, ಇನ್ನೊಂದು ತುದಿ ಅಂಗೈಗೆ ಒಪ್ಪುವಂತೆ ಮೊಂಡು. ಹಿಡಿ ಹಾಕುವ ಆಯುಧವಲ್ಲ, ಕೈಯಲ್ಲೇ ಹಿಡಿಯುವಂಥದು. ಬಹುಮಟ್ಟಿಗೆ 10ರಿಂದ 20 ಸೆಂ.ಮೀ. ಉದ್ದವಿರುತ್ತದೆ. ಗಾತ್ರ ದೊಡ್ಡದೆಂಬ ಒಂದೇ ಕಾರಣಕ್ಕೆ ಆಯುಧವಲ್ಲವೆಂದು ತಳ್ಳಿಹಾಕಬಾರದು. ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ 29.6 ಸೆಂ.ಮೀ. ಉದ್ದದ ಕೈಗೊಡಲಿ ಸಿಕ್ಕಿದೆ. ಸೌದಿ ಅರೇಬಿಯಾದ ಅಲ್‌ಉಲಾ ಬಳಿ 51.3 ಸೆಂ.ಮೀ. ಉದ್ದದ ಒಂದು ಕಪ್ಪುಕಲ್ಲಿನ ಕೈಗೊಡಲಿ ಸಿಕ್ಕಿದ್ದು 2023ರಲ್ಲಿ ಪ್ರಕಟವಾಯಿತು. ಅಷ್ಟು ದೊಡ್ಡದನ್ನು ಏತಕ್ಕೆ ಬಳಸಿದರೆಂಬುದು ಬಲ್ಲವರಿಗೂ ಒಗಟಾಗಿದೆ.

ಮನುಷ್ಯನ ಏಟಿನಿಂದ ಎದ್ದ ಚಕ್ಕೆಯ ಗುರುತು ಹೇಗಿರುತ್ತದೆಂದು ತಿಳಿಯಲು ಒಡೆದ ಗಾಜಿನ ಸೀಸೆಯ ದಪ್ಪ ತಳವನ್ನು ನೋಡಿ. ಅಂಚಿಗೆ ಏಟು ಬಿದ್ದಲ್ಲಿ ಚಿಪ್ಪಿನ ಒಳಮೈಯಂತೆ ತಗ್ಗಾಗಿ, ನೀರಿನ ಅಲೆಯಂಥ ಗೆರೆಗಳೊಡನೆ ಚೂರು ಹಾರಿರುತ್ತದೆ. ಕಲ್ಲಿನಲ್ಲಿಯೂ ಹಾಗೆಯೇ. ಆದರೆ ಇಂಥ ಒಂದು ಗುರುತು ಕಂಡ ಮಾತ್ರಕ್ಕೆ ಆಯುಧವಾಗದು. ಜಲ್ಲಿ ಒಡೆಯುವವರ ಸುತ್ತಿಗೆಯಿಂದಲೂ ಅಂಥ ಚಕ್ಕೆ ಏಳುತ್ತದೆ, ನೇಗಿಲಿನ ಕುಳ ತಾಗಿದರೂ ಏಳುತ್ತದೆ, ಗುಡ್ಡದಿಂದ ಉರುಳಿದ ಕಲ್ಲಿನಲ್ಲಿಯೂ ಕಾಣಬಹುದು. ನೋಡಬೇಕಾದದ್ದು ಕ್ರಮವನ್ನು. ಎರಡು ಮೈಗಳಲ್ಲಿಯೂ, ಸುತ್ತ ಅಂಚಿನುದ್ದಕ್ಕೂ, ಒಂದರ ಪಕ್ಕ ಒಂದರಂತೆ ಚಕ್ಕೆಗಳು ಎದ್ದು, ಎಲ್ಲವೂ ಸೇರಿ ಒಂದು ಅಂಚನ್ನು ರೂಪಿಸಿದ್ದರೆ ಅಲ್ಲಿ ಒಬ್ಬನ ಉದ್ದೇಶವಿದೆ. ಅಡ್ಡಾದಿಡ್ಡಿ ಒಡೆದಿದ್ದರೆ ಉದ್ದೇಶವಿಲ್ಲ.

ಜೊತೆಗೆ ಬಣ್ಣ. ಹಳೆಯ ಚಕ್ಕೆಗುರುತಿನ ಮೇಲೆ ಗಾಳಿ, ನೀರು, ಮಣ್ಣುಗಳ ಪ್ರಭಾವದಿಂದ ತೆಳುವಾದ ಕಾವಿ ಅಥವಾ ಬೂದುಬಣ್ಣದ ಪೊರೆ ಬೆಳೆದಿರುತ್ತದೆ. ಕಲ್ಲಿನ ಉಳಿದ ಮೈಗೂ ಗುರುತಿಗೂ ಒಂದೇ ಬಣ್ಣವಿರುತ್ತದೆ. ನಿನ್ನೆ ಮೊನ್ನೆಯ ಏಟಾದರೆ ಒಳಗಿನ ಹೊಸ ಬಣ್ಣ ಎದ್ದು ಕಾಣುತ್ತದೆ. ಕಬ್ಬಿಣ ಉಜ್ಜಿದ್ದರೆ ತುಕ್ಕಿನ ಗೆರೆ ಉಳಿದಿರುವುದುಂಟು.

ನಯಗೊಳಿಸಿದ ಕೊಡಲಿಯ ವಿಷಯ ನನಗೆ ಹೆಚ್ಚು ಪ್ರಿಯವಾದದ್ದು. ಏಕೆಂದರೆ ಅದು ನಮ್ಮ ನಾಡಿನ ಮೊದಲ ಬೇಸಾಯಗಾರರ ಆಯುಧ. ದಕ್ಷಿಣದ ನವಶಿಲಾಯುಗ ಸುಮಾರು 5000 ವರ್ಷಗಳ ಹಿಂದಿನಿಂದ 3200 ವರ್ಷಗಳ ಹಿಂದಿನವರೆಗಿನದು. ಬಳ್ಳಾರಿ ಸಮೀಪದ ಸಂಗನಕಲ್ಲು, ಕುಪಗಲ್ಲು ಬೆಟ್ಟಗಳಲ್ಲಿ ಕಪ್ಪು ಡಾಲರೈಟ್ ಕಲ್ಲಿನ ಸಾಲಿನಿಂದ ಇಂಥ ಕೊಡಲಿಗಳನ್ನು ಬಹುಸಂಖ್ಯೆಯಲ್ಲಿ ಮಾಡುತ್ತಿದ್ದರು. ಮೊದಲು ಚಕ್ಕೆ ಎಬ್ಬಿಸಿ ಆಕಾರ ಕೊಡುವುದು. ಅನಂತರ ಇನ್ನೊಂದು ಕಲ್ಲಿನಿಂದ ಕುಟ್ಟಿ ಕುಟ್ಟಿ ಏರುತಗ್ಗು ಸಮಮಾಡುವುದು. ಕೊನೆಗೆ ಬಂಡೆಯ ಮೇಲೆ ಮರಳು, ನೀರು ಹಾಕಿ ಉಜ್ಜುವುದು. ಹಾಗೆ ಉಜ್ಜಿದ ತೋಡುಗಳು ಆ ಬೆಟ್ಟದ ಬಂಡೆಗಳ ಮೇಲೆ ಈಗಲೂ ಇವೆ.

ಇದರ ಚಹರೆ ಹೀಗೆ: ಒಂದು ತುದಿ ಅಗಲವಾಗಿ, ಬಾಯಿಯಂತೆ ತುಸು ಬಾಗಿ, ಎರಡು ಕಡೆಯಿಂದಲೂ ಸಮನಾಗಿ ಇಳಿದು ಅಲಗಾಗಿರುತ್ತದೆ. ಅಲಗು ನುಣುಪು. ಹಿಂಬದಿ ಕಿರಿದಾಗಿ ಒರಟಾಗಿರುತ್ತದೆ; ಅಲ್ಲಿ ಬೆರಳಾಡಿಸಿದರೆ, ಹೊಸದಾಗಿ ಉಳಿ ಹೊಡೆಸಿದ ಅರೆಯುವ ಕಲ್ಲಿನ ಮೇಲೆ ಆಗುವಂತೆ ಸಣ್ಣ ಸಣ್ಣ ಚುಕ್ಕೆಗಳು ತಾಗುತ್ತವೆ. ಅಡ್ಡಲಾಗಿ ಕತ್ತರಿಸಿದರೆ ಕಾಣುವ ಆಕಾರ ಮೊಟ್ಟೆಯಂತೆ. ಅಲಗು ಒಂದೇ ಕಡೆಗೆ ಇಳಿದಿದ್ದರೆ ಅದು ಕೊಡಲಿಯಲ್ಲ, ಬಾಚಿ. ಹೊಳೆಯ ಗುಂಡುಕಲ್ಲು ಕೂಡ ನುಣುಪಾಗಿರುತ್ತದೆ. ಆದರೆ ಹೊಳೆ ಎಲ್ಲ ಮೂಲೆಗಳನ್ನೂ ಒಂದೇ ಸಮನೆ ಸವೆಸುತ್ತದೆ, ಅಲಗನ್ನು ಮಾಡುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟರೆ ಹೊಳೆದಂಡೆಯವರ ಅರ್ಧ ಸಂಶಯ ಪರಿಹಾರವಾಗುತ್ತದೆ.

ಈ ಕೊಡಲಿಗಳನ್ನು ಸಿಡಿಲಿನೊಡನೆ ಬಿದ್ದ ಕಲ್ಲುಗಳೆಂದು ನಂಬುವುದು ನಮ್ಮಲ್ಲಿ ಮಾತ್ರವಲ್ಲ, ಯುರೋಪಿನ ಹಲವು ದೇಶಗಳಲ್ಲಿಯೂ ಇತ್ತು. ಮಳೆ ಸುರಿದ ಮರುದಿನ ಮಣ್ಣು ಕೊಚ್ಚಿಹೋಗಿ ಕಲ್ಲು ಮೇಲೆ ಕಾಣಿಸುತ್ತದೆ. ಹಿಂದಿನ ರಾತ್ರಿ ಸಿಡಿಲು ಬಡಿದಿರುತ್ತದೆ. ಎರಡನ್ನೂ ಕೂಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ರೀತಿ ಎರೆಭೂಮಿಯಲ್ಲಿ ಬೇಸಿಗೆಯ ಬಿರುಕು, ಮಳೆಗಾಲದ ಉಬ್ಬು ಇವುಗಳಿಂದ ಅಡಿಯ ಕಲ್ಲು ವರ್ಷದಿಂದ ವರ್ಷಕ್ಕೆ ಮೇಲೆ ಬರುತ್ತದೆ. ಆರಿಸಿ ಹೊಲದ ಬದುವಿಗೆ ಹಾಕಿದರೂ ಮುಗಿಯದ ಕಲ್ಲುಗಳ ನಡುವೆ ಒಂದು ಕೊಡಲಿ ಇದ್ದರೆ ಅದು ಬದುವಿನಲ್ಲೇ ಮರೆಯಾಗಿಬಿಡುತ್ತದೆ.

ಆ ಜನ ಏನು ಬೆಳೆಯುತ್ತಿದ್ದರು ಎಂಬುದೂ ಈಗ ತಿಳಿದಿದೆ. ಅವರ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ ತೇಲಿಸಿ, ಕರಿಕಾದ ಕಾಳುಗಳನ್ನು ಆರಿಸಿ ನೋಡಿದಾಗ ಹುರುಳಿ, ಹೆಸರು, ಕೊರಲೆ ಹೆಚ್ಚಾಗಿ ಸಿಕ್ಕಿವೆ. ಇಂದು ಸಿರಿಧಾನ್ಯವೆಂದು ಮತ್ತೆ ಬೆಲೆ ಪಡೆಯುತ್ತಿರುವ ಕೊರಲೆ ಅವರ ಮುಖ್ಯ ಧಾನ್ಯಗಳಲ್ಲೊಂದು. ದನ ಅವರ ಸಂಪತ್ತು. ಕುಡತಿನಿ, ಬೂದಿಹಾಳ ಮೊದಲಾದೆಡೆ ಇರುವ ಬೂದಿದಿಬ್ಬಗಳು ಅವರ ದೊಡ್ಡಿಯ ಸಗಣಿ ರಾಶಿಬಿದ್ದು ಸುಟ್ಟು ಆದವು. ಉಟ್ನೂರಿನ ದಿಬ್ಬದಲ್ಲಿ ದನಗಳ ಗೊರಸಿನ ಗುರುತುಗಳೇ ಉಳಿದಿದ್ದವು. ಅಷ್ಟು ಗೊಬ್ಬರವನ್ನು ಸುಟ್ಟರಲ್ಲ ಎಂದು ನನ್ನಂಥವನ ಜೀವ ಚುರುಗುಟ್ಟುತ್ತದೆ. ಮುಂದಿನವರೂ ಕಡಿಮೆಯೇನಲ್ಲ. ಎಷ್ಟೋ ದಿಬ್ಬಗಳ ಬೂದಿಯನ್ನು ಹೊಲಕ್ಕೂ ರಸ್ತೆಗೂ ಸಾಗಿಸಿ, ಅದರೊಳಗಿದ್ದ ಚರಿತ್ರೆಯನ್ನೂ ಜೊತೆಗೆ ಹರಡಿಬಿಟ್ಟಿದ್ದಾರೆ.

ನಾನು ಮಾಡಿದ ತಪ್ಪು

ಕೂಳೂರಿನ ರೈತರನ್ನು ನಾನು ಮೊದಲು ಕೇಳಿದ್ದು ಕಲ್ಲಿನ ಬಗ್ಗೆಯಲ್ಲ, ಗುಂಡಿಯ ಬಗ್ಗೆ. ಹಾಗೆ ಕೇಳಲು ಕಲಿತದ್ದು ನನ್ನದೇ ಒಂದು ತಪ್ಪಿನಿಂದ.

ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಬಳ್ಳಾರಿ ಕಡೆಯ ಎರೆಭೂಮಿಯಲ್ಲಿ ಜೋಳದ ಪ್ರಯೋಗಕ್ಕಾಗಿ ಮಣ್ಣಿನ ಮಾದರಿ ತೆಗೆಯುತ್ತಿದ್ದೆ. ಹಲವು ಹಳ್ಳಿಗಳು, ಹಲವು ಹೊಲಗಳು. ಒಂದು ಹೊಲದಲ್ಲಿ ಗುದ್ದಲಿಗೆ ತಾಗಿ ಒಂದು ಕಪ್ಪು ಕಲ್ಲು ಎದ್ದಿತು. ಗೇಣುದ್ದ, ಎಣ್ಣೆ ಹಚ್ಚಿದಂತೆ ನುಣುಪಾದ ಅಲಗು. ಅಂದವಾಗಿದೆಯೆಂದು ಚೀಲಕ್ಕೆ ಹಾಕಿಕೊಂಡೆ. ಹಾಸ್ಟೆಲಿನಲ್ಲಿ ಸೋಪು ಹಾಕಿ ತಿಕ್ಕಿ ತೊಳೆದೆ. ಹನ್ನೊಂದು ವರ್ಷ ಅದು ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿಡುವ ಕಲ್ಲಾಗಿತ್ತು.

ಒಮ್ಮೆ ಮನೆಗೆ ಬಂದ ಪುರಾತತ್ತ್ವದ ಪ್ರಾಧ್ಯಾಪಕರೊಬ್ಬರು ಅದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ನವಶಿಲಾಯುಗದ ಕೊಡಲಿ, ಸ್ವಲ್ಪವೂ ಮುಕ್ಕಾಗಿಲ್ಲ ಎಂದರು. ಆಮೇಲೆ ಮೂರು ಪ್ರಶ್ನೆ ಕೇಳಿದರು. ಯಾವ ಹೊಲ? ಎಷ್ಟು ಆಳ? ಜೊತೆಗೆ ಮಡಕೆಚೂರು, ಬೂದಿ, ಮೂಳೆ ಏನಾದರೂ ಇತ್ತೇ? ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅದೇ ದಿನ ತೆಗೆದ ಮಣ್ಣಿನ ಚೀಲಗಳ ಮೇಲೆ ಹಳ್ಳಿಯ ಹೆಸರು, ಸರ್ವೆ ನಂಬರು, 0–15 ಸೆಂ.ಮೀ., 15–30 ಸೆಂ.ಮೀ., ತಾರೀಕು ಎಲ್ಲವನ್ನೂ ತಪ್ಪದೆ ಬರೆದಿದ್ದೆ. ಕಲ್ಲಿಗೆ ಮಾತ್ರ ಬರೆದಿರಲಿಲ್ಲ. ಅವರು ಏನೂ ಅನ್ನದೆ ಅದನ್ನು ಮತ್ತೆ ಕಾಗದಗಳ ಮೇಲಿಟ್ಟರು. ಆ ಹೊಲದ ಅಡಿಯಲ್ಲಿ ಒಂದು ಊರೇ ಇದ್ದಿರಬಹುದು, ಇಲ್ಲದಿರಲೂಬಹುದು. ಈಗ ಹುಡುಕಲು ದಾರಿಯಿಲ್ಲ.

ಕೂಳೂರಿನ ಕಲ್ಲು ಏನಾಗಿತ್ತು

ಆ ರೈತರ ಸಂಗಡ ಮರುದಿನವೇ ಜಮೀನಿಗೆ ಹೋದೆ. ಗುಂಡಿಯನ್ನು ಅವರು ಮುಚ್ಚಿರಲಿಲ್ಲ. ಅದೊಂದು ಪುಣ್ಯ.

ಮೊದಲು ನೋಡಿದ್ದು ಆ ಕಲ್ಲು ಆ ಜಾಗದ್ದೇ ಎಂಬುದನ್ನು. ಗುಂಡಿಯ ಗೋಡೆಯೆಲ್ಲ ಮುರಮಣ್ಣು, ತಳದಲ್ಲಿ ಗಟ್ಟಿ ಮುರಕಲ್ಲು. ಬುಕಾನನ್ ಎಂಬ ಸ್ಕಾಟ್ಲೆಂಡಿನ ಅಧಿಕಾರಿ 1807ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಮಲಬಾರಿನ ಅಂಗಡಿಪುರದ ಕಲ್ಲನ್ನು ನೋಡಿ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಈ ಜಾತಿಯ ಕಲ್ಲಿಗೇ. ಮುರಕಲ್ಲಿನ ನಡುವೆ ಗಟ್ಟಿ ಕರಿಗಲ್ಲು ತಾನಾಗಿ ಹುಟ್ಟುವುದಿಲ್ಲ. ಆದ್ದರಿಂದ ಯಾರೋ ಹೊತ್ತು ತಂದದ್ದು ನಿಶ್ಚಯ. ಆದರೆ ಯಾವಾಗ? ಹೆದ್ದಾರಿ, ಬಂದರು, ಹೊಸ ಕಟ್ಟಡಗಳು ಬಂದಿರುವ ಈ ಭಾಗದಲ್ಲಿ ಹೊರಗಿನ ಮಣ್ಣು, ಜಲ್ಲಿ ತಂದು ಸುರಿದ ಜಾಗಗಳು ಬಹಳ. ಇವರ ಇಳಿಜಾರಿನಲ್ಲಿ ಮಣ್ಣು ತುಂಬಿಸಿಲ್ಲವೆಂದು ಅವರು ಖಂಡಿತವಾಗಿ ಹೇಳಿದರು.

ಎರಡನೆಯದಾಗಿ ಗುಂಡಿಯ ಗೋಡೆಯನ್ನು ಕತ್ತಿಯಿಂದ ಮೆಲ್ಲಗೆ ಹೆರೆದು ನೋಡಿದೆ. ಕಲ್ಲು ಕುಳಿತಿದ್ದ ಅಚ್ಚು ಇನ್ನೂ ಸ್ಪಷ್ಟವಾಗಿತ್ತು. ಅದರ ಸುತ್ತ ಮಣ್ಣು ಉಳಿದ ಗೋಡೆಗಿಂತ ಕಪ್ಪಾಗಿ, ಸಡಿಲವಾಗಿತ್ತು, ಇದ್ದಿಲಿನ ಚೂರುಗಳಿದ್ದವು. ಎಂದರೆ ಹಿಂದೊಮ್ಮೆ ಅಲ್ಲಿ ಯಾರೋ ಗುಂಡಿ ತೋಡಿ ಮುಚ್ಚಿದ್ದಾರೆ. ಅಚ್ಚಿನ ತಳದಿಂದ ನಾಲ್ಕು ಬೆರಳು ಕೆಳಗೆ, ಅದೇ ಕಪ್ಪು ಮಣ್ಣಿನಲ್ಲಿ ಅಂಗೈಯಗಲದ ಕೆಂಪು ತುಂಡೊಂದು ಸಿಕ್ಕಿತು. ಕೈಗೆ ತೆಗೆದುಕೊಂಡ ಕೂಡಲೇ ಆ ರೈತರೇ ನಕ್ಕುಬಿಟ್ಟರು. ಮಂಗಳೂರು ಹೆಂಚಿನ ತುಂಡು!

ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹೆಂಚಿನ ತುಂಡು ಕಲ್ಲಿಗಿಂತ ಕೆಳಗಿದೆ. ಕೆಳಗಿರುವುದು ಮೊದಲು ಬಿದ್ದದ್ದು, ಮೇಲಿರುವುದು ಆಮೇಲೆ ಬಿದ್ದದ್ದು. ಆದ್ದರಿಂದ 1865ಕ್ಕಿಂತ ಮೊದಲು ಆ ಕಲ್ಲು ಅಲ್ಲಿ ಬಿದ್ದಿರಲು ಸಾಧ್ಯವಿಲ್ಲ. ಇಷ್ಟರಿಂದಲೇ ಕಲ್ಲು ಹೊಸದೆಂದು ಹೇಳುವಂತಿಲ್ಲವೆಂಬುದನ್ನೂ ಗಮನಿಸಬೇಕು. ನನ್ನ ಮೇಜಿನ ಮೇಲಿದ್ದ ಕೊಡಲಿಯನ್ನು ನಾಳೆ ಯಾರಾದರೂ ಹೂತರೆ ಅದು ನಾಳೆಯ ಗುಂಡಿಯಲ್ಲಿರುವ ಹಳೆಯ ಕೊಡಲಿಯೇ. ಹೆಂಚು ಹೇಳಿದ್ದು ಗುಂಡಿಯ ಕಾಲವನ್ನು ಮಾತ್ರ.

ಕಲ್ಲು ಏನೆಂಬುದನ್ನು ಕಲ್ಲೇ ಹೇಳಬೇಕಾಗಿತ್ತು. ಸ್ಥಳದ ವಿವರವನ್ನೆಲ್ಲ ಬರೆದುಕೊಂಡ ಮೇಲೆ, ಒರಟು ಮೈಗೆ ಅಂಟಿದ್ದ ಮಣ್ಣನ್ನು ನೀರು ಚಿಮುಕಿಸಿ ಮೆತ್ತಗೆ ಬಿಡಿಸಿದೆವು. ಕಿರಿದಾದ ತುದಿಯಲ್ಲಿ ಮಣ್ಣಿನ ಅಡಿಯಿಂದ ಒಂದು ತೋಡು ಹೊರಬಂತು. ಅದರ ಗೋಡೆಯ ಮೇಲೆ ಕಬ್ಬಿಣದ ಉಳಿಯ ನೇರವಾದ ಗೆರೆಗಳು. ಉಬ್ಬಿದ ಮೈಯನ್ನು ಅಡ್ಡಲಾಗಿ ಅಳೆದರೆ ಸರಿಯಾದ ಅರ್ಧವೃತ್ತ. ಎಲ್ಲಿಯೂ ಅಲಗಿಲ್ಲ. ಅಗಲವಾದ ತುದಿ ಸುತ್ತಲೂ ಒಂದೇ ಸಮನಾಗಿ ಸವೆದು ಗುಂಡಗಾಗಿದೆ. ಅದು ಕಡೆಯುವ ಕಲ್ಲಿನ ಗುಂಡು, ಉದ್ದಕ್ಕೆ ಸೀಳಿಹೋದದ್ದು. ತೋಡೆಂದು ಕಂಡದ್ದು ಮರದ ಹಿಡಿ ಕೂರಿಸುವ ಕುಳಿಯ ಅರ್ಧಭಾಗ. ಸೀಳಿದ ಗುಂಡನ್ನು ಮನೆಯವರು ಹಿತ್ತಿಲಿನ ಕಸದ ಗುಂಡಿಗೆ ಹಾಕಿದ್ದರು. ಇದ್ದಿಲು ಒಲೆಯದು.

“ನಮ್ಮ ಅಜ್ಜಿಯದೇ ಇರಬೇಕು” ಎಂದರು ಅವರು. ದೈವದ ಕಲ್ಲಲ್ಲವೆಂಬ ಸಮಾಧಾನವೂ ಲಕ್ಷಗಳು ಹೋದ ಬೇಸರವೂ ಆ ಮುಖದಲ್ಲಿ ಕೂಡಿದ್ದವು. ಆರಾಧನೆಯ ಕಲ್ಲಿನ ಪ್ರಶ್ನೆ ಬಂದರೆ ಮನೆಯ, ಊರಿನ ಹಿರಿಯರನ್ನು ಕೇಳುವುದೇ ಸರಿ. ಅದು ನನ್ನಂಥವರು ತೀರ್ಮಾನಿಸುವ ವಿಷಯವಲ್ಲ. ಇಲ್ಲಿ ಅಂಥ ಪ್ರಶ್ನೆ ಉಳಿಯಲಿಲ್ಲ. ಮಿಕ್ಕ ಹದಿನೈದು ಗುಂಡಿಗಳನ್ನು ಆ ವಾರವೇ ತೋಡಿಸಿ, ಜೂನ್ ಮೊದಲ ವಾರದಲ್ಲಿ ಸಸಿ ನೆಟ್ಟರು.

ಹೊಳೆ, ಕಡಲ ಬದಿಯವರು ಇನ್ನೊಂದು ಬಗೆಯ ಕಲ್ಲನ್ನೂ ತಿಳಿದಿರಬೇಕು. ನಡುವೆ ತೂತಿರುವ ಕಲ್ಲು ಎರೆಸೀಮೆಯಲ್ಲಿ ಸಿಕ್ಕಿದರೆ, ಅದು ನೆಲ ಅಗೆಯುವ ಕೋಲಿಗೆ ಭಾರಕ್ಕಾಗಿ ಸಿಕ್ಕಿಸುತ್ತಿದ್ದ ನವಶಿಲಾಯುಗದ ಬಳೆಗಲ್ಲಿರಬಹುದು. ಅದರ ತೂತನ್ನು ಎರಡು ಕಡೆಯಿಂದಲೂ ಕೊರೆದಿರುವುದರಿಂದ ನಡುವೆ ಕಿರಿದಾಗಿ ಡಮರುವಿನಂತಿರುತ್ತದೆ. ಕೂಳೂರು, ಪಣಂಬೂರಿನಂಥ ಕಡೆ ತೂತಿನ ಕಲ್ಲು ಬಲೆಯ ಭಾರದ ಕಲ್ಲೋ ದೋಣಿಯ ಲಂಗರೋ ಆಗಿರುವ ಸಂಭವ ಹೆಚ್ಚು. ಅದರಲ್ಲಿ ಹಗ್ಗ ಉಜ್ಜಿದ ಸವೆತ ಒಂದೇ ಬದಿಗಿರುತ್ತದೆ.

ಹಾಗೆಂದು ಕರಾವಳಿಯಲ್ಲಿ ಹಳೆಯದು ಸಿಗುವುದೇ ಇಲ್ಲವೆಂದು ತಿಳಿಯಬಾರದು. ಮೂಡುಬಿದಿರೆ ಸಮೀಪದ ಮೂಡು ಕೊಣಾಜೆಯಲ್ಲಿ ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ. 2023ರಲ್ಲಿ ಪ್ರಾಧ್ಯಾಪಕ ಟಿ. ಮುರುಗೇಶಿಯವರು ಅಲ್ಲಿ ಸುಟ್ಟಮಣ್ಣಿನ ಬೊಂಬೆಗಳನ್ನು ಪತ್ತೆಮಾಡಿದರು. ಗೋರಿಗಳಲ್ಲಿ ಹೆಚ್ಚಿನವು ಅದಕ್ಕೆ ಮೊದಲೇ ಹಾಳಾಗಿದ್ದವು.

ಕಲ್ಲು ಸಿಕ್ಕಿದಾಗ

ಗುದ್ದಲಿಗೆ ಸಂಶಯದ ಕಲ್ಲು ತಾಗಿದರೆ ಎತ್ತುವ ಮೊದಲೇ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿಯನ್ನೋ ಬೆಂಕಿಪೊಟ್ಟಣವನ್ನೋ ಇಡಿ. ಗುಂಡಿಯ ಗೋಡೆಯೂ ಸೇರುವಂತೆ ಇನ್ನೊಂದು ಚಿತ್ರ ಬೇಕು. ನೆಲದ ಮಟ್ಟದಿಂದ ಆಳವನ್ನು ಅಳೆಯಿರಿ. ಸುತ್ತಲಿನ ಮಣ್ಣಿನ ಬಣ್ಣ ಬೇರೆಯಾಗಿದೆಯೇ, ಮಡಕೆಚೂರು, ಹೆಂಚು, ಇದ್ದಿಲು, ಮೂಳೆ, ಕಬ್ಬಿಣದ ಕಿಟ್ಟ ಇವೆಯೇ ನೋಡಿ, ಸಿಕ್ಕಿದ್ದನ್ನು ಬಿಸಾಡದೆ ಒಂದು ಚೀಲಕ್ಕೆ ಹಾಕಿಡಿ. ಮಣ್ಣು ಪರೀಕ್ಷೆಗೆ ಕಳುಹಿಸುವಾಗ ಬರೆಯುವ ಚೀಟಿಯನ್ನೇ ಇಲ್ಲಿಯೂ ಬರೆದರೆ ಸಾಕು: ಊರು, ಸರ್ವೆ ನಂಬರು, ಆಳ, ತಾರೀಕು. ಪೆನ್ಸಿಲಿನಲ್ಲಿ ಬರೆಯಿರಿ, ತೇವಕ್ಕೆ ಶಾಯಿ ಹರಡುತ್ತದೆ. ಕಲ್ಲನ್ನು ತಿಕ್ಕಿ ತೊಳೆಯುವುದು, ಎಣ್ಣೆ ಹಚ್ಚುವುದು, ಗಟ್ಟಿಯಿದೆಯೇ ಎಂದು ಸುತ್ತಿಗೆಯಿಂದ ಹೊಡೆದು ನೋಡುವುದು ಇವು ಯಾವುವೂ ಬೇಡ. ಜೇಸಿಬಿಯಿಂದ ಕೆಲಸ ಮಾಡಿಸುತ್ತಿದ್ದರೆ ಆ ಜಾಗವನ್ನು ಒಂದೆರಡು ದಿನ ಬಿಟ್ಟು ಬೇರೆ ಕಡೆ ಅಗೆಸಬಹುದು.

ಬಳಿಕ ರಾಜ್ಯದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗಾಗಲಿ ತಹಶೀಲ್ದಾರರಿಗಾಗಲಿ ತಿಳಿಸಿ. ಹತ್ತಿರದ ಕಾಲೇಜಿನ ಇತಿಹಾಸ ವಿಭಾಗದವರೂ ದಾರಿ ತೋರಿಸುತ್ತಾರೆ. ನೆಲದಲ್ಲಿ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮ 1878ರ ಕಾಯಿದೆಯಿಂದಲೂ ಇದೆ. ನೂರು ವರ್ಷಕ್ಕೆ ಮೇಲ್ಪಟ್ಟ ಪುರಾತನ ವಸ್ತುಗಳನ್ನು ಪರವಾನಗಿಯಿಲ್ಲದೆ ವ್ಯಾಪಾರ ಮಾಡುವುದು, ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದು 1972ರ ಕಾಯಿದೆಯಂತೆ ಅಪರಾಧ. ಯಾರಿಗೂ ಹೇಳದೆ ಕೊಡಿ ಎಂದು ಮನೆಗೆ ಬರುವವರಿಗೆ ಇದು ಗೊತ್ತಿರುತ್ತದೆ, ಕೊಡುವ ರೈತರಿಗೆ ಗೊತ್ತಿರುವುದಿಲ್ಲ.

ಇನ್ನೊಂದು ಹೆದರಿಕೆಯನ್ನು ಬಹಳ ಮಂದಿ ಬಾಯಿಬಿಟ್ಟು ಹೇಳುವುದಿಲ್ಲ: ತಿಳಿಸಿದರೆ ಜಮೀನು ಹೋಗುತ್ತದೆಯೆಂಬುದು. ಒಂದು ಕಲ್ಲು ಸಿಕ್ಕಿತೆಂದು ಯಾರ ಜಮೀನೂ ಹೋಗುವುದಿಲ್ಲ. ಒಂದು ಸ್ಥಳವನ್ನು ರಾಷ್ಟ್ರೀಯ ಸಂರಕ್ಷಿತ ಸ್ಥಳವೆಂದು ಘೋಷಿಸುವುದಕ್ಕೆ ಬೇರೆಯೇ ಕ್ರಮವಿದೆ. ಮೊದಲು ಪ್ರಕಟಣೆ ಹೊರಡಿಸಬೇಕು. ಆಕ್ಷೇಪಣೆ ಸಲ್ಲಿಸಲು ಎರಡು ತಿಂಗಳ ಅವಧಿ ಕೊಡಬೇಕೆಂದು 1958ರ ಕೇಂದ್ರ ಕಾಯಿದೆಯಲ್ಲಿಯೇ ಇದೆ. ಬಿಡಿ ಕಲ್ಲಿನ ವಿಷಯದಲ್ಲಿ ಸಾಮಾನ್ಯವಾಗಿ ಆಗುವುದೆಂದರೆ ಇಬ್ಬರು ಬಂದು ನೋಡಿ, ಬರೆದುಕೊಂಡು ಹೋಗುವುದು.

ನಿಜವಾದ ಆಯುಧ ಹೇಗಿರುತ್ತದೆಂದು ಒಮ್ಮೆ ಕಣ್ಣಾರೆ ನೋಡಿದರೆ ಇಷ್ಟೆಲ್ಲ ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟರ ಹೆಸರಿನ ವಸ್ತು ಸಂಗ್ರಹಾಲಯದಲ್ಲಿ ಸಂಗನಕಲ್ಲಿನ ಕೊಡಲಿಗಳನ್ನು ಇಟ್ಟಿದ್ದಾರೆ. ಆ ಕಡೆ ಹೋದವರು ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಕೂಳೂರಿನ ಆ ಮೊಮ್ಮಗನಿಗೂ ಇದನ್ನೇ ಹೇಳಿದ್ದೆ. ಹೆಂಚಿನ ತುಂಡನ್ನು ಅವನು ಇಟ್ಟುಕೊಂಡಿದ್ದಾನೆ. ಅದರ ಮೇಲೆ ಪೆನ್ಸಿಲಿನಲ್ಲಿ ಗುಂಡಿಯ ನಂಬರನ್ನೂ ಆಳವನ್ನೂ ಬರೆದಿದ್ದಾನೆ.